ಎರಡು ಸಲ ನಿಂತ ಪಂಖಾ

ಬೀಳಗಿಯಲ್ಲಿ ಸಾಹೇಬರ ಗುಡಿ ಎಂದು ಕರೆಯುವ ಹಳೆಯ ಚರ್ಚಿನ ಮೂಡಣ ಗೋಡೆಗೆ ಹೊರಗಿನಿಂದ ಆತು ಒಂದು ಕರಿಗಲ್ಲಿನ ಹಾಸು ಇದೆ. ಮಂಚದಷ್ಟು ಉದ್ದ, ಮೊಣಕಾಲಿನಷ್ಟು ಎತ್ತರ. ನಡುವೆ ನುಣ್ಣಗೆ ಹೊಳೆಯುವ ಒಂದು ತಗ್ಗು. ಮುಧೋಳ, ಜಮಖಂಡಿ, ರಬಕವಿ ಕಡೆಯಿಂದ ಮದುವೆಗೆ ಮೊದಲಿನ ಫೋಟೋ ತೆಗೆಸಲು ಬರುವ ಜೋಡಿಗಳು ಆ ತಗ್ಗಿನಲ್ಲಿ ಒಬ್ಬರಿಗೊಬ್ಬರು ಒತ್ತಿಕೊಂಡು ಕೂಡುತ್ತಾರೆ. ಹುಡುಗಿ ಹುಡುಗನ ಭುಜದ ಮೇಲೆ ತಲೆ ಇಡುತ್ತಾಳೆ. ಫೋಟೋದವರು ಆ ಕಲ್ಲಿಗೆ 'ಲವ್ ಸೀಟ್' ಎಂದು ಹೆಸರಿಟ್ಟಿದ್ದಾರೆ.

ಉಳಿ ಬಿಟ್ಟುಹೋದ ಒರಟನ್ನು ಆ ಹಾಸಿನಲ್ಲಿ ನುಣುಪು ಮಾಡಿದ್ದು ಪ್ರೀತಿಯಲ್ಲ, ಮನುಷ್ಯರ ಬೆನ್ನು. ಮೊದಲು ಅಣ್ಣನ ಬೆನ್ನು, ಆಮೇಲೆ ತಮ್ಮನ ಬೆನ್ನು. ಬಿಸಿಲಲ್ಲಿ ಅಂಗಾತ ಮಲಗಿ, ಕಾಲಿನ ಹೆಬ್ಬೆರಳಿಗೆ ಹಗ್ಗ ಕಟ್ಟಿಕೊಂಡು, ಕಾಲು ಚಾಚಿ ಮಡಚಿ, ಚಾಚಿ ಮಡಚಿ, ಗೋಡೆಯ ಒಳಗೆ ತೂಗುತ್ತಿದ್ದ ದೊಡ್ಡ ಬಟ್ಟೆಯ ಪಂಖಾ ಅಲ್ಲಾಡಿಸಿದ ಬೆನ್ನುಗಳು. ಕಲ್ಲಿನ ಮೇಲ್ಗಡೆ ಗೋಡೆಯಲ್ಲಿ ಎರಡು ಕಿಂಡಿಗಳಿವೆ. ಅವುಗಳ ಕೆಳತುಟಿಯಲ್ಲಿ ಹಗ್ಗ ತಿಂದ ಗೀರು ಇವತ್ತಿಗೂ ಬೆರಳಿಗೆ ಸಿಗುತ್ತದೆ.

ಭಾಗ್ಯಾ ಆ ಬೆನ್ನುಗಳ ನಾಲ್ಕನೆಯ ತಲೆಮಾರು. ಊರಿನ ಸರಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಶಿಕ್ಷಕಿ. 'ಪಂಖಾದ' ಎಂದು ಅಡ್ಡಹೆಸರಿನಲ್ಲೇ ಬೀಸಣಿಗೆ ಇಟ್ಟುಕೊಂಡ ಮನೆತನ. ಬೀರಪ್ಪ ದೇವರ ಒಕ್ಕಲು, ಕುರಿ ಕಾಯ್ದವರು, ಕಂಬಳಿ ನೇಯ್ದವರು. ಆದರೆ ಊರು ಅವರನ್ನು ಕುರಿಯಿಂದಲೂ ಗುರುತಿಸಲಿಲ್ಲ, ಕಂಬಳಿಯಿಂದಲೂ ಗುರುತಿಸಲಿಲ್ಲ. ಇನ್ನೊಬ್ಬರ ಬೆವರು ಆರಿಸಿದ ಚಾಕರಿಯಿಂದ ಗುರುತಿಸಿತು.

ಮಾರ್ಚ್ ತಿಂಗಳಲ್ಲಿ ಅವಳಿಗೆ ಪರಂಪರೆ ಸಮಿತಿಯಿಂದ ಕರೆ ಬಂತು. ಗುಡಿಗೆ ನೂರಿಪ್ಪತ್ತೈದು ವರ್ಷ ತುಂಬುತ್ತದೆ, ಬಾಗಿಲಲ್ಲಿ ಇತಿಹಾಸದ ಕಲ್ಲು ನಿಲ್ಲಿಸುತ್ತೇವೆ, ಅದರ ಕನ್ನಡ ನೀವು ಬರೆಯಬೇಕು ಎಂದರು ಸಮಿತಿಯ ಅಧ್ಯಕ್ಷ ನಾರಾಯಣರಾಯರು. ಕಾಲೇಜಿನ ಪ್ರಾಂಶುಪಾಲರಾಗಿ ನಿವೃತ್ತರಾದವರು, ಮನೆಯಲ್ಲಿ ಮರಾಠಿ, ವೇದಿಕೆಯಲ್ಲಿ ಕನ್ನಡ. ಭಾಗ್ಯಾ ಕಲಿತದ್ದು ಅವರ ಕೈಯಲ್ಲೇ. ಹಿಗ್ಗಿನಿಂದ ಹೋದಳು.

ಒಳಗೆ ಕಾಲಿಟ್ಟಾಗ ಹಿಗ್ಗು ಅರ್ಧ ಇಳಿಯಿತು. ಸಾಹೇಬರು ಹೋದ ಮೇಲೆ ಆ ಕಟ್ಟಡ ರೇಶನ್ ಗೋದಾಮಾಗಿತ್ತು, ಮತಗಟ್ಟೆಯಾಗಿತ್ತು, ಪಾರಿವಾಳದ ಗೂಡಾಗಿತ್ತು. ಅಷ್ಟಾದರೂ ಅದು ತನ್ನ ಹೊಲಸನ್ನು ಮುಚ್ಚಿಟ್ಟುಕೊಂಡಿರಲಿಲ್ಲ. ಈಗ ಗೋಡೆಗೆ ಹಾಲುಬಣ್ಣ, ನೆಲಕ್ಕೆ ಕನ್ನಡಿಯಂಥ ಹಾಸು, ದೇವಪೀಠದ ಜಾಗದಲ್ಲಿ ವಧೂವರರ ಸೋಫಾ ಇಡುವ ಕಟ್ಟೆ. ದೂರದ ಊರಿನಲ್ಲಿ ಕೂತ ಕ್ರೈಸ್ತ ಸಭೆಯ ಆಡಳಿತದವರು ಕಟ್ಟಡವನ್ನು ಮೂವತ್ತು ವರ್ಷ ಕರಾರಿಗೆ ಕೊಟ್ಟುಬಿಟ್ಟಿದ್ದರು. ಹಿಡಿದವರು ಚಿದಾನಂದ ಸಾಹುಕಾರರು. ಜಮಖಂಡಿಯಲ್ಲಿ ಎರಡು, ಮುಧೋಳದಲ್ಲಿ ಒಂದು ಮಂಗಲ ಕಾರ್ಯಾಲಯದ ಒಡೆಯರು. ಇದು ನಾಲ್ಕನೆಯದು.

"ಬರ್ರಿ ಭಾಗ್ಯಾ ಟೀಚರ್ರ, ಬರ್ರಿ," ಎಂದರು ನಾರಾಯಣರಾಯರು. "ಈಕಿ ಕೇತಕಿ, ನಮ್ಮ ಅಕ್ಕನ ಮಗಳು. ಪುಣೇದಾಗ ಹಳೇ ಕಟ್ಟಡ ಉಳಿಸೋ ಕೆಲಸ ಮಾಡ್ತಾಳ. ಎಲ್ಲಾ ಈಕೀದೇ ನಕಾಶಿ."

ಕೇತಕಿ ಕೈ ಕುಲುಕಿದಳು. ಮೂಡಣ ಗೋಡೆಯ ಕಡೆ ತೋರಿಸಿದಳು. "ನೋಡ್ರಿ, ಒಂದು ಕಲ್ಲು ಒಡೀಲಿಲ್ಲ ನಾವು. ಎ.ಸಿ. ಪೈಪ್ ಹೊರಗ ಒಯ್ಯಲಿಕ್ಕೆ ಅಲ್ಲೇ ಆಗಲೇ ತೂತು ಇದ್ದವು. ಅಗದೀ ಬರೋಬ್ಬರಿ ಅಳತಿ. ಆವಾಗಿನ ಮಂದಿ ಎಷ್ಟು ಮುಂದಿನ ವಿಚಾರ ಮಾಡಿದ್ರು ಅಂತೀನಿ."

ಒಂದು ಕಿಂಡಿಯಲ್ಲಿ ತಾಮ್ರದ ನಳಿಗೆ ಸುತ್ತಿದ ಬಿಳಿ ಪೈಪು ತೂರಿಕೊಂಡು ಹೋಗಿತ್ತು. ಸುತ್ತ ಸಿಮೆಂಟು ಮೆತ್ತಿ ಗೀರು ಮುಚ್ಚಿಹೋಗಿತ್ತು.

"ಅದು ಪಂಖಾದ ಹಗ್ಗದ ಕಿಂಡಿ ರೀ," ಎಂದಳು ಭಾಗ್ಯಾ.

"ಗೊತ್ತದಲಾ," ಎಂದರು ರಾಯರು, ಖುಷಿಯಿಂದ. "ಅದಕ್ಕ ಇನ್ನೊಂದು ಕಿಂಡಿ ಖಾಲಿ ಬಿಟ್ಟೀವಿ. ಒಂದು ಶೋಭಾದ ಪಂಖಾ ಮಾಡಿಸಿ ತೂಗ ಹಾಕ್ತೀವಿ. ಮೇ ತಿಂಗಳ ಎರಡನೇ ರವಿವಾರ ಉದ್ಘಾಟನಾ. ಅವತ್ತ ನಿಮ್ಮ ಮುತ್ತಣ್ಣ ಕಾಕಾ ಪಟಕಾ ಸುತ್ತಿಕೊಂಡು, ಅದೇ ಕಲ್ಲಿನ ಮ್ಯಾಲೆ ಕೂತು ಹಗ್ಗ ಎಳೀಬೇಕು. ವಂಶದವರು. ಜನ ಹುಚ್ಚಾಗ್ತಾರ ನೋಡ್ರಿ."

ಹೊರಗೆ ನಲವತ್ತೆರಡು ಡಿಗ್ರಿ ಬಿಸಿಲಲ್ಲಿ ಎಪ್ಪತ್ತೆರಡು ವರ್ಷದ ಮುದುಕ. ಒಳಗೆ ಎ.ಸಿ. ನಡುವೆ ಯಾರಿಗೂ ಬೇಡವಾದ ಗಾಳಿ ಬೀಸುವ ಪಂಖಾ. ಗುರುಗಳು ಎಂಬುದು ಭಾಗ್ಯಾಳ ಬಾಯಿಗೆ ಬೀಗ ಹಾಕಿತ್ತು. ಇತಿಹಾಸ ಬರೆಯುತ್ತೇನೆ ಅಂದಳು, ಹಳೆಯ ಕಾಗದ ಏನಾದರೂ ಇದೆಯೇ ಅಂದಳು.

"ಸಮುವೇಲಪ್ಪನ ಕಡೆ ಒಂದು ಟ್ರಂಕ್ ಅದ ಅಂತ. ಇಲಿ ಬಿಟ್ಟಿದ್ದು ಏನಾರ ಇದ್ರ ನೋಡ್ರಿ," ಎಂದು ರಾಯರು ನಕ್ಕರು.

*

ಸಮುವೇಲಪ್ಪ ಊರಲ್ಲಿ ಉಳಿದ ಐದು ಕ್ರೈಸ್ತ ಮನೆಗಳ ಹಿರಿಯ. ಮೂವತ್ತು ವರ್ಷ ಅಂಚೆ ಹಂಚಿದವನು. ಅವನ ಮುತ್ತಜ್ಜ ಕೇರಿಯಿಂದ ಬಂದು, ಊರಿನ ದೇವರು ಬಾಗಿಲಿಗೂ ಸೇರಿಸುವುದಿಲ್ಲವೆಂದು ಸಾಹೇಬರ ದೇವರ ಬಾಗಿಲು ಹೊಕ್ಕವನು.

"ಬಾಗಲಾ ಹೊಕ್ಕ ಮ್ಯಾಲೆ ಏನ ಸಿಕ್ತು ಗೊತ್ತೇನವಾ," ಎಂದ ಟ್ರಂಕಿನ ಕೊಂಡಿ ತೆಗೆಯುತ್ತ. "ಹಿಂದಿನ ನೆಲ. ಮುಂದ ನಾಕ ಸಾಲು ಕುಂಡ್ರೂ ಬಾಕು, ಅವು ಬಿಳೇರಿಗಿ. ಪಂಖಾ ಆ ನಾಕ ಸಾಲಿನ ಮ್ಯಾಲಷ್ಟ. ಹಿಂದ ಕುಂತ ನಮ್ಮ ಮಂದಿಗಿ ಗಾಳಿ ಬರತಿರಲಿಲ್ಲ. ಪ್ರಸಾದದ ದ್ರಾಕ್ಷಾರಸಕ್ಕೂ ಎರಡು ಬಟ್ಟಲಾ. ಬೆಳ್ಳೀದು ಅವರದು, ಹಿತ್ತಾಳಿದು ನಮ್ಮದು. ಈಗ ಬೆಳ್ಳೀದನ್ನ ಗಾಜಿನ ಪೆಟಿಗಿದಾಗ ಇಡತಾರಂತ. ಹಿತ್ತಾಳಿದು ಕೇಳಿದ್ರ ಬ್ಯಾಡಂದ್ರು. ಚಂದ ಇಲ್ಲಂತ."

"ಮತ್ತ ನೀವು ಇನ್ನ ಪ್ರಾರ್ಥನಾ ಎಲ್ಲಿ ಮಾಡ್ತೀರಿ?"

"ತಿಂಗಳ ಮೊದಲನೇ ರವಿವಾರ ನಮಗ ಬಿಟ್ಟಾರ. ಒಂಬತ್ತರ ತನಕ. ಹತ್ತಕ್ಕ ಅರಿಷಿಣದ ಕಾರ್ಯಕ್ರಮ ಇದ್ರ ಎಂಟಕ್ಕ ಮುಗಸ್ರಿ ಅಂದಾರ." ಅವನು ನಗಲಿಲ್ಲ. "ದೇವರಿಗೆ ಗಡಿಬಿಡಿ ಇಲ್ಲ, ಸಾಹುಕಾರ್ರಿಗೆ ಐತಿ."

ಟ್ರಂಕಿನಲ್ಲಿ ಪ್ರಾರ್ಥನಾ ದಫ್ತರಗಳು ಇದ್ದವು. ಪ್ರತಿ ರವಿವಾರ ಎಷ್ಟು ಜನ ಬಂದರು, ಯಾವ ಉಪದೇಶ, ಏನು ವಿಶೇಷ ಎಂದು ಪಾದ್ರಿ ಬರೆದಿಟ್ಟ ಪುಸ್ತಕಗಳು. ಸಾಹೇಬರ ಇಂಗ್ಲಿಷು ಮುಗಿದಲ್ಲಿಂದ ಕನ್ನಡ ಶುರು. ಕೊನೆಯ ಪುಸ್ತಕ ಸಮುವೇಲಪ್ಪನದೇ, ಅಂಚೆಯವನ ಗುಂಡು ಅಕ್ಷರ. ಭಾಗ್ಯಾ ಮೂರು ಸಂಜೆ ಅವನ ಪಡಸಾಲೆಯಲ್ಲಿ ಕೂತು ಹಾಳೆ ತಿರುವಿದಳು. ಮೂರನೆಯ ಸಂಜೆ ೧೯೦೭ರ ಮೇ ಹನ್ನೆರಡು ಸಿಕ್ಕಿತು. ಅದೂ ಎರಡನೆಯ ರವಿವಾರವೇ. ಅವಳು ಅದನ್ನು ಅಲ್ಲೇ ಕನ್ನಡಕ್ಕೆ ಇಳಿಸಿಕೊಂಡಳು:

"ಯುರೋಪಿಯನ್ನರು ಒಂಬತ್ತು. ದೇಶೀಯರು ಮೂವತ್ತೊಂದು. ಮಳೆಗಾಗಿ ವಿಶೇಷ ಪ್ರಾರ್ಥನೆ. ಉಪದೇಶದ ನಡುವೆ ಪಂಖಾ ಎರಡು ಸಲ ನಿಂತು ಬಹಳ ತೊಂದರೆಯಾಯಿತು. ಮೊದಲ ಸಲ ಜವಾನನನ್ನು ಕಳಿಸಿ ಎಬ್ಬಿಸಲಾಯಿತು. ಎರಡನೆಯ ಸಲ ಯಾರೂ ಹೋಗಲಿಲ್ಲ. ಪಂಖಾ ಆಳು ಹೊರಗೆ ಸತ್ತಿರುವುದು ಪ್ರಾರ್ಥನೆ ಮುಗಿದ ಮೇಲೆ ತಿಳಿಯಿತು. ಅವನ ತಮ್ಮನನ್ನು ಹಚ್ಚಿದೆ."

ಮುಂದಿನ ರವಿವಾರ, ಮೇ ಹತ್ತೊಂಬತ್ತು: "ಯುರೋಪಿಯನ್ನರು ಹನ್ನೊಂದು. ಪಂಖಾ ಸರಾಗವಾಗಿ ನಡೆಯಿತು."

ಭಾಗ್ಯಾ ಹಾಳೆಯ ಮೇಲಿಂದ ಕೈ ತೆಗೆದಳು. ಸತ್ತ ಇಲಿಯನ್ನು ಮುಟ್ಟಿದಂತೆ ಸೆರಗಿಗೆ ಬೆರಳು ಒರೆಸಿಕೊಂಡಳು. ಒರೆಸಿದಷ್ಟೂ ಹೋಗಲಿಲ್ಲ. ಒಬ್ಬ ಮನುಷ್ಯ ಸತ್ತದ್ದಕ್ಕೆ ಅಲ್ಲ ಅವಳಿಗೆ ಹೇಸಿಗೆ ಬಂದದ್ದು. ಆ ಸಾವು ಎರಡು ಮಾತಿನ ನಡುವೆ, ತೊಂದರೆ ಮತ್ತು ನೇಮಕದ ನಡುವೆ, ಅಷ್ಟು ಅಚ್ಚುಕಟ್ಟಾಗಿ ಕೂತಿತ್ತಲ್ಲ, ಅದಕ್ಕೆ. ಮಳೆ ಕೊಡು ಎಂದು ಕೇಳುವವರಿಗೆ ಗೋಡೆಯಾಚೆ ಒಂದು ತಂಬಿಗೆ ನೀರು ಕೊಡುವುದು ಹೊಳೆಯಲಿಲ್ಲ.

"ಅಂವನ್ನ ಒಳಗ ಯಾಕ ಕುಂಡ್ರಸಲಿಲ್ಲ?" ಎಂದಳು.

"ಕುರಿ ವಾಸನಿ ಬರತೈತಿ ಅಂತ," ಎಂದ ಸಮುವೇಲಪ್ಪ. "ನಮ್ಮ ಮುತ್ಯಾ ಹೇಳತಿದ್ದ. ಒಳಗ ದೇವರನ್ನ ಕುರುಬ ಅಂತ ಕರದು ಹಾಡತಿದ್ರಂತ. ಅಂವಾ ಹೊರಗ ಇದ್ದ."

*

ಮನೆಯಲ್ಲಿ ಕತೆ ಬೇರೆ ಇತ್ತು. ಭಾಗ್ಯಾ ಅದನ್ನು ತೊಡೆಯ ಮೇಲೆ ಕೂತು ಕೇಳಿ ಬೆಳೆದವಳು. ಹೇಳುತ್ತಿದ್ದವನು ಅಪ್ಪನ ತಮ್ಮ ಮುತ್ತಣ್ಣ. ಮನೆತನದಲ್ಲಿ ಮೊದಲು ಹಗ್ಗ ಹಿಡಿದ ಪಾಂಡಪ್ಪ ಮುತ್ಯಾ ಸಾಹೇಬನ ಬಗಲಲ್ಲೇ ಕೂತು ಗಾಳಿ ಹಾಕುತ್ತಿದ್ದ. ಅವನ ಕೈಯ ಗಾಳಿ ಇಲ್ಲದೆ ಸಾಹೇಬನಿಗೆ ಮಂತ್ರ ಬರುತ್ತಿರಲಿಲ್ಲ. ಪಾಂಡಪ್ಪ ತೀರಿಕೊಂಡ ದಿನ ಸಾಹೇಬ ಟೊಪ್ಪಿಗೆ ತೆಗೆದು ಅತ್ತ, ತಮ್ಮ ಗಿರಮಲ್ಲಪ್ಪನ ಎದೆಗೆ ತಾನೇ ಹಿತ್ತಾಳೆ ಬಿಲ್ಲೆ ಚುಚ್ಚಿದ.

ಆ ಬಿಲ್ಲೆ ಮನೆಯಲ್ಲಿ ಇತ್ತು. ಮಹಾನವಮಿಗೆ ಕಂಬಳಿ ಹಾಸಿ, ಉಣ್ಣೆ ಕತ್ತರಿ, ಕುಡುಗೋಲು, ಕೊಡಲಿ ಇಟ್ಟು ಪೂಜೆ ಮಾಡುವಾಗ ನಡುವೆ ಬಿಲ್ಲೆ. ಬೀರಪ್ಪನಿಗೆ ಹಾಕಿದ ಭಂಡಾರದ ಅರಿಷಿಣದಲ್ಲಿ ಅದಕ್ಕೂ ಒಂದು ಚಿಟಿಕೆ. ಆಯುಧದ ನಡುವೆ ಚಾಕರಿಯ ಬಿಲ್ಲೆಯನ್ನು ದೇವರೆಂದು ಕೂಡಿಸಿದ ಮನೆ ಈ ಸೀಮೆಯಲ್ಲಿ ಇನ್ನೊಂದು ಇರಲಾರದು.

ಅವತ್ತು ಸಂಜೆ ಮುತ್ತಣ್ಣ ಅಂಗಳದಲ್ಲಿ ಕೂತು ಆಡಿನ ಕೂದಲು ಹೊಸೆಯುತ್ತಿದ್ದ. ಕೇತಕಿ ತೋರಿಸಿದ ನೈಲಾನಿನ ಹಗ್ಗ ಅವನಿಗೆ ಹಿಡಿಸಿರಲಿಲ್ಲ. ಪಂಖಾಕ್ಕೆ ಆಡಿನ ಕೂದಲಿನ ಹಗ್ಗವೇ ಆಗಬೇಕು, ಅದು ಬೆರಳು ಕೊಯ್ಯುವುದಿಲ್ಲ ಎಂದು ಹಟ ಹಿಡಿದಿದ್ದ. ಅವಳು 'ಒರಿಜಿನಲ್, ಒರಿಜಿನಲ್' ಎಂದು ಕುಣಿದು ಅದರ ಫೋಟೋ ತೆಗೆದುಕೊಂಡು ಹೋಗಿದ್ದಳು.

ಭಾಗ್ಯಾ ಮೊಬೈಲಿನಲ್ಲಿ ಹಾಳೆಯ ಫೋಟೋ ತೆರೆದು ಓದಿದಳು. ಒಂದೇ ಉಸಿರಿಗೆ. ಮುತ್ತಣ್ಣನ ಕೈ ಹೊಸೆಯುವುದನ್ನು ನಿಲ್ಲಿಸಿತು.

"ಹೆಸರು?" ಎಂದ.

"ಇಲ್ಲ."

"ಪಾಂಡಪ್ಪ ಅಂತ ಬರದಿಲ್ಲಾ?"

"ಪಂಖಾ ಆಳು ಅಂತ ಐತಿ, ಕಾಕಾ. ಅಷ್ಟ."

"ಹಂಗಾರ ಅಂವಾ ಬ್ಯಾರೆ ಯಾವನೋ."

"ಅಂವಾ ಸತ್ತ ಮ್ಯಾಲೆ ತಮ್ಮನ್ನ ಹಚ್ಚೇವಿ ಅಂತ ಐತಿ. ನಮ್ಮ ಮನಿ ಬಿಟ್ಟು ಇನ್ಯಾರ ಮನ್ಯಾಗ ಅಣ್ಣ ತಮ್ಮ ಪಂಖಾ ಎಳದಾರ?"

ಮುತ್ತಣ್ಣ ಹಗ್ಗವನ್ನು ಮೊಣಕಾಲ ಮೇಲೆ ಸುತ್ತಿದ, ಬಿಚ್ಚಿದ. "ಸುಳ್ಳ ಬರದಾನ ಅಂವಾ."

"ಪಾದ್ರಿ ಯಾಕ ಸುಳ್ಳ ಬರೀತಾನ? ಅಂವಗ ಇದರಾಗ ಮುಚ್ಚಿಡುವಂಥಾದ್ದು ಏನೂ ಕಾಣಸಲಿಲ್ಲ. ಕಂಡಿದ್ರ ಬರೀತಿದ್ದಿಲ್ಲ."

"ಮನಷ್ಯಾ ಅಂಬಾಂವಾ ಗ್ವಾಡಿ ಆಚಿ ಕಡೆ ಸಾಯೂತನಾ ಸುಮ್ಮ ಕುಂಡರತಾನನ? ಒಂಬತ್ತ ಮಂದಿ ಬಿಳೇರು, ಮೂವತ್ತೊಂದ ಮಂದಿ ನಮ್ಮೂರವರು. ನಲವತ್ತ ಮಂದ್ಯಾಗ ಒಬ್ಬಂವ ಎದ್ದು ಬರಲಿಲ್ಲಾ? ಸುಳ್ಳ ಇದು." ಅವನ ದನಿ ಏರಲಿಲ್ಲ, ಒಡೆಯಿತು. "ಸತ್ತಾವರ ಮಾನ ತಗೀಬ್ಯಾಡ ಭಾಗ್ಯಾ. ನನ್ನ ಜಲ್ಮಾ ಎಲ್ಲಾ ಆ ಬಿಲ್ಲೆ ನೋಡಕೋತ ಹೋಗೇತಿ."

"ಮಾನ ತಗದಾವರು ನಾನಲ್ಲ."

"ನಾ ಅವತ್ತ ಪಂಖಾ ಎಳಿಯಾಂವನ."

ಭಾಗ್ಯಾಳಿಗೆ ಆ ಕ್ಷಣ ಪಾದ್ರಿಗಿಂತ, ಸಾಹುಕಾರನಿಗಿಂತ ಕಾಕಾನ ಮೇಲೆ ಹೆಚ್ಚು ಹೇಸಿಗೆ ಬಂತು. ಹೊಡೆತ ಹೊಡೆದವನಿಗೆ ಮರೆಯುತ್ತದೆ, ಸರಿ. ಹೊಡೆಸಿಕೊಂಡವನು ಅದೇ ಕೋಲಿಗೆ ಕುಂಕುಮ ಹಚ್ಚಿ ಗೂಟಕ್ಕೆ ತೂಗುಹಾಕುತ್ತಾನಲ್ಲ.

"ಅಂವಾ ಸತ್ತ ಕಲ್ಲಿನ ಮ್ಯಾಲೆ ನೀ ಪಟಕಾ ಸುತಗೊಂಡು ಕುಣೀತಿ, ಹೌದಿಲ್ಲೋ?"

"ಕುಣ್ಯಾಕಲ್ಲ," ಎಂದ ಮುತ್ತಣ್ಣ, ಮತ್ತೆ ಹೊಸೆಯುತ್ತ. "ಎಳ್ಯಾಕ."

*

ಇತಿಹಾಸದ ಕಲ್ಲಿಗೆ ಅವಳು ಬರೆದದ್ದು ಆರು ಸಾಲು. ಬರಗಾಲದ ಕಾಮಗಾರಿಗೆ ಬಂದ ಹಸಿದವರಿಂದ ಕಲ್ಲು ಹೊರಿಸಿ ಕಟ್ಟಿದ್ದು ಎಂಬುದು ಒಂದು. ಎರಡು ಬಟ್ಟಲು ಎಂಬುದು ಒಂದು. ಕೊನೆಯ ಸಾಲು: '೧೯೦೭ರ ಮೇ ೧೨ರಂದು ಪ್ರಾರ್ಥನೆ ನಡೆಯುತ್ತಿರುವಾಗ ಪಂಖಾ ಎಳೆಯುತ್ತಿದ್ದ ಪಾಂಡಪ್ಪ ಈ ಗೋಡೆಯ ಹೊರಗೆ ಬಿಸಿಲಿಗೆ ಸತ್ತ.' ಉಳಿದ ಐದೂ ಹೋಗಲಿ, ಈ ಸಾಲು ನಿಂತರೆ ಸಾಕು ಎಂದುಕೊಂಡು ಸಮಿತಿಯ ಸಭೆಗೆ ಹೋದಳು. ದಫ್ತರವನ್ನೂ ಚೀಲದಲ್ಲಿ ಒಯ್ದಿದ್ದಳು.

ನಾರಾಯಣರಾಯರು ಎರಡು ಸಲ ಓದಿದರು. ಕನ್ನಡಕ ತೆಗೆದು ಮಡಚಿದರು.

"ನಿಮ್ಮ ಭಾವನಾ ನನಗ ತಿಳೀತದ. ಬರವಣಿಗಿ ಅಗದೀ ಛಲೋ ಅದ. ಆದ್ರ ನೋಡ್ರಿ, ಇತಿಹಾಸ ಅಂದ್ರ ಮನಿ ಮುಂದಿನ ಅಂಗಳ ಇದ್ಧಂಗ. ಹಿತ್ತಲದಾಗ ಏನೇನೋ ಇರ್ತದ. ಬಂದವರನ್ನ ಹಿತ್ತಲಕ್ಕ ಯಾರು ಕರಕೊಂಡು ಹೋಗ್ತಾರ?"

"ಪಾಂಡಪ್ಪ ಸತ್ತಿದ್ದು ಹಿತ್ತಲದಾಗ ಅಲ್ಲರಿ ಸರ. ನೀವು ಫೋಟೋ ತಗಸೋ ಜಾಗಾದಾಗ."

"ಶಬ್ದ ಬದಲ ಮಾಡೋಣ. 'ಸತ್ತ' ಯಾಕ? 'ಸೇವೆ ಸಲ್ಲಿಸಿದ' ಅನ್ನೋಣ."

ಚಿದಾನಂದ ಸಾಹುಕಾರರು ಅಷ್ಟು ಸುತ್ತು ಹಾಕುವ ಮನುಷ್ಯರಲ್ಲ. "ಅಕ್ಕಾರ," ಎಂದರು, "ಬಾಗಲದಾಗ ಸತ್ತ ಅಂತ ಕೆತ್ತಿದ್ರ ಒಳಗ ಅಕ್ಷತಾ ಯಾರ ಹಾಕ್ತಾರ್ರಿ? ನೀವ ಹೇಳ್ರಿ. ನಿಮ್ಮ ಮನಿ ಲಗ್ನ ಇಲ್ಲಿ ಇಡತೀರೇನ?"

ಕೇತಕಿ ದಫ್ತರ ಬಿಚ್ಚಿ ಆ ಹಾಳೆಯನ್ನು ಬೆಳಕಿಗೆ ಹಿಡಿದಳು. "ಅಕ್ಷರ ಎಷ್ಟು ಚಂದ ಅವ ಅಲ್ಲಾ ಮಾಮಾ? ಇದನ್ನ ದೊಡ್ಡದು ಮಾಡಿ ಗೋಡೆಗೆ ಹಾಕಬಹುದು, ಡಿಸೈನ್ ಅಂತ. ಯಾರೂ ಓದಂಗಿಲ್ಲ."

ಭಾಗ್ಯಾ ದಫ್ತರವನ್ನು ಅವಳ ಕೈಯಿಂದ ತೆಗೆದುಕೊಂಡು ಚೀಲದಲ್ಲಿ ಇಟ್ಟಳು. ಸಾಹುಕಾರನಾದರೂ ಹೊಟ್ಟೆಪಾಡಿನ ಮಾತಾಡಿದ. ಅಕ್ಷರ ಕಲಿಸಿದವರು ಅಕ್ಷರದಿಂದಲೇ ಹೆಣ ಮುಚ್ಚುತ್ತಿದ್ದರು.

ಹದಿನೈದು ದಿನದಲ್ಲಿ ಕಲ್ಲು ಬಂತು. ಅದರ ಮೇಲೆ ರಾಯರ ಕನ್ನಡ: 'ಆಂಗ್ಲ ಕುಶಲಮತಿಗಳಿಂದ ನಿರ್ಮಿತವಾದ ಈ ಪ್ರಾರ್ಥನಾ ಮಂದಿರವು ಶೀತಲ ಒಳಾಂಗಣಕ್ಕೆ ಹೆಸರಾಗಿದೆ. ಗೋಡೆಯ ವಾಯುರಂಧ್ರಗಳು ಅಂದಿನ ಜಾಣ್ಮೆಗೆ ಸಾಕ್ಷಿ. ಪಂಖಾ ಸೇವೆಗೈದ ಸ್ಥಳೀಯರ ಭಕ್ತಿ ಸ್ಮರಣೀಯ.' ಕೆಳಗೆ, ಕೇಳದೆಯೇ, ಕನ್ನಡ ಲೇಖನ: ಶ್ರೀಮತಿ ಭಾಗ್ಯಾ ಪಂಖಾದ.

ಅವಳು ಫೋನು ಮಾಡಿ ಹೆಸರು ತೆಗೆಯಿರಿ ಎಂದಳು. ಕೆತ್ತಿದ್ದು ಹ್ಯಾಂಗ ತೆಗೀಲಿಕ್ಕೆ ಬರ್ತದವಾ ಎಂದರು ರಾಯರು. ಉದ್ಘಾಟನೆಯ ದಿನ ನೀವೇ ಅದನ್ನು ಓದಬೇಕು, ಕಾರ್ಡಿನಲ್ಲಿ ಅಚ್ಚಾಗಿದೆ ಎಂದರು. ಬರುವುದಿಲ್ಲ ಅನ್ನಬೇಕೆಂದಿದ್ದಳು. ಆದರೆ ಮುತ್ತಣ್ಣ ಹೋಗುವವನೇ ಇದ್ದ. ಮೇ ತಿಂಗಳ ಬಿಸಿಲು. ಅವನನ್ನು ಆ ಕಲ್ಲಿನ ಮೇಲೆ ಒಬ್ಬನೇ ಬಿಡುವುದು ಅವಳಿಂದಾಗಲಿಲ್ಲ.

*

ಉದ್ಘಾಟನೆಗೆ ಇನ್ನೂರು ಜನ. ಮುಂದಿನ ನಾಲ್ಕು ಸಾಲಿಗೆ ಬಿಳಿ ಬಟ್ಟೆ ಹೊದಿಸಿದ ಕುರ್ಚಿ, ಹಿಂದೆ ಪ್ಲಾಸ್ಟಿಕ್ಕಿನವು. ಸಮುವೇಲಪ್ಪ ಕಟ್ಟಕಡೆಯ ಕುರ್ಚಿಯಲ್ಲಿ ಕೂತಿದ್ದ. ಎ.ಸಿ.ಯ ತಂಪು ನಾಲ್ಕನೆಯ ಸಾಲಿಗೇ ಮುಗಿಯುತ್ತಿತ್ತು.

ಹೊರಗೆ ಮುತ್ತಣ್ಣನಿಗೆ ಕೆಂಪು ಪಟಕ ಸುತ್ತಿದ್ದರು, ಎದೆಗೆ ಬಿಲ್ಲೆ. ಭಾಗ್ಯಾ ಅವನ ಪಕ್ಕ ಒಂದು ಬಾಟಲಿ ನೀರು ಇಟ್ಟಳು. ಅವನು ಅದನ್ನು ಎತ್ತಿ ಅವಳ ಚೀಲಕ್ಕೇ ಹಾಕಿದ.

"ಅವತ್ತ ಅಂವನ ಕಡೆ ನೀರ ಇರಲಿಲ್ಲ. ನೀ ಒಳಗ ಹೋಗು."

"ಕಾಕಾ, ಹಟಾ ಮಾಡಬ್ಯಾಡ."

"ಹೋಗಂದೆ. ಒಳಗ ಕುಂತು ಮಂದೀನ ನೋಡು."

ಅವನು ಅಂಗಾತ ಮಲಗಿ ಹೆಬ್ಬೆರಳಿಗೆ ಆಡಿನ ಕೂದಲಿನ ಹಗ್ಗ ಕಟ್ಟಿಕೊಂಡ. ಬೆನ್ನು ತಗ್ಗಿಗೆ ಸರಿಯಾಗಿ ಕೂತಿತು. ನೋಡಲಾರದೆ ಭಾಗ್ಯಾ ಒಳಗೆ ಬಂದಳು.

ಪಂಖಾ ತೂಗಿತು. ಜರಿಯ ಅಂಚು ಹಚ್ಚಿದ ಮೂರು ಮಾರು ಬಟ್ಟೆ ಅತ್ತಿಂದಿತ್ತ ಹೋದಂತೆ ಜನ ಮೊಬೈಲು ಎತ್ತಿದರು, ಚಪ್ಪಾಳೆ ಹೊಡೆದರು. ರಾಯರು ಮಾತಿಗೆ ನಿಂತರು. ಆಂಗ್ಲರ ಶಿಸ್ತು, ಆಂಗ್ಲರ ಸಮಯಪಾಲನೆ, ಆಂಗ್ಲರ ಗೋಡೆ. ಹನ್ನೊಂದೂವರೆ ಆಯಿತು. ಆಂಗ್ಲರ ಬಾಗಿಲಿಗೆ ಬರುವಷ್ಟರಲ್ಲಿ ಪಂಖಾ ನಿಂತಿತು.

ರಾಯರು ಮೇಲೆ ನೋಡಿದರು. ಮೈಕಿನಿಂದ ಮುಖ ಸರಿಸಿ, ಆದರೂ ಎಲ್ಲರಿಗೂ ಕೇಳುವಂತೆ, ಕಾರ್ಯಾಲಯ ನೋಡಿಕೊಳ್ಳುವ ಸೋಮಲಿಂಗನಿಗೆ ಹೇಳಿದರು: "ಹೋಗಿ ಎಬ್ಬಿಸು ಅಂವನ್ನ."

ಆ ಮಾತು ಭಾಗ್ಯಾಳ ಚೀಲದಲ್ಲಿತ್ತು, ನೂರ ಹದಿನೆಂಟು ವರ್ಷದ ಹಿಂದಿನ ಮಸಿಯಲ್ಲಿ. ಸೋಮಲಿಂಗ ಹೋದ. 'ಫೋಟೋದಾಗ ಪಂಖಾ ಅಳ್ಳಾಡಬೇಕಂತ್ರಿ ಯಜಮಾನ್ರ' ಎಂದ ಅವನ ದನಿ ಕಿಂಡಿಯೊಳಗಿಂದ ಕೇಳಿಸಿತು. ಪಂಖಾ ಮತ್ತೆ ತೂಗಿತು. ಸೋಮಲಿಂಗ ಒಳಗೆ ಬಂದು ಎ.ಸಿ.ಯ ಎದುರು ನಿಂತು ಅಂಗಿಯ ಗುಂಡಿ ಬಿಚ್ಚಿಕೊಂಡ.

ಹತ್ತು ನಿಮಿಷಕ್ಕೆ ಎರಡನೆಯ ಸಲ ನಿಂತಿತು.

ಏಳಬೇಕೆಂದ ಭಾಗ್ಯಾಳಿಗೆ ಕಾಕಾ ಹೇಳಿದ ಮಾತು ನೆನಪಾಯಿತು: ಮಂದೀನ ನೋಡು. ನೋಡಿದಳು. ಇನ್ನೂರು ಮುಖಗಳು. ಕೆಲವು ಪಂಖಾ ನೋಡಿದವು, ಕೆಲವು ಮೊಬೈಲು ನೋಡಿದವು. ಒಬ್ಬ ಹೆಂಗಸು ಗಂಡನ ಕಿವಿಯಲ್ಲಿ ಏನೋ ಹೇಳಿ ನಕ್ಕಳು. ಗೋಡೆಯಾಚೆ ಒಬ್ಬ ಮುದುಕ ಇದ್ದಾನೆ ಎಂಬುದು ಯಾರಿಗೂ ಗೊತ್ತಿಲ್ಲದ್ದೇನಲ್ಲ. ಬರುವಾಗ ಎಲ್ಲರೂ ಅವನ ಜೊತೆ ಸೆಲ್ಫಿ ತೆಗೆದುಕೊಂಡೇ ಬಂದಿದ್ದರು. ಹಿಂದಿನ ಸಾಲಿನಲ್ಲಿ ಸಮುವೇಲಪ್ಪ ಒಬ್ಬನೇ ಎದ್ದು ನಿಂತ, ಮಂಡಿನೋವಿನ ಕಾಲನ್ನು ಕುರ್ಚಿಗಳ ನಡುವೆ ಎಳೆಯತೊಡಗಿದ. ದಾರಿ ಬಿಡಲು ಯಾರೂ ಕಾಲು ಸರಿಸಲಿಲ್ಲ.

ಮುಂದಿನ ಸಾಲಿನಿಂದ ಚಿದಾನಂದ ಸಾಹುಕಾರರು ಕೈ ಬೀಸಿದರು. "ಪಂಖಾ ಬಿಡ್ರಿ ಅತ್ತ. ಎ.ಸಿ. ಜರಾ ಹೆಚ್ಚ ಮಾಡ್ರಿ."

ಭಾಗ್ಯಾ ಓಡಿದಳು. ಬಾಗಿಲಿನಿಂದ ಮೂಡಣ ಗೋಡೆಗೆ ನಲವತ್ತು ಹೆಜ್ಜೆ. ಎ.ಸಿ. ಯಂತ್ರದ ಬಿಸಿ ಉಸಿರು ನೇರ ಆ ಕಲ್ಲಿನ ಮೇಲೆಯೇ ಬೀಳುತ್ತಿತ್ತು. ಇದನ್ನು ಯಾರೂ ಯೋಚಿಸಿರಲಿಲ್ಲ, ಅವಳೂ.

ಮುತ್ತಣ್ಣ ಎದ್ದು ಕೂತಿದ್ದ. ಪಟಕ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದ. ತುಟಿ ಒಡೆದು ಬಿಳಿಚಿತ್ತು, ಕಣ್ಣು ಮಾತ್ರ ಎಚ್ಚರ.

"ಎಷ್ಟ ಮಂದಿ ಎದ್ರು?" ಎಂದ.

"ಸಮುವೇಲಪ್ಪ ಒಬ್ಬನ. ನೀರ ಕುಡಿ ಮೊದಲ."

ಕುಡಿದ. ಬಾಯಿ ಒರೆಸಿಕೊಂಡ. "ಮೊದಲನೇ ಸಲ ಬೇಕಂತ ನಿಂದರಿಸಿದೆ. ಸೋಮಲಿಂಗ ಬಂದ. ಫೋಟೋದ ಮಾತ ಹೇಳಿದ. ಸಣ್ಣಾಂವ ಇದ್ದಾಗ ಅಂವನ್ನ ಹೆಗಲ ಮ್ಯಾಲೆ ಹೊತಗೊಂಡು ತಿರಗೇನಿ ನಾ. ನೀರ ಕುಡೀತಿ ಏನ ಕಾಕಾ ಅನಲಿಲ್ಲ. ಎರಡನೇ ಸಲ ನಿಂದರಿಸಿದೆ. ಕಾಯ್ಕೋತ ಕುಂತೆ." ಅವನು ಕಿಂಡಿಯ ಕಡೆ ನೋಡಿದ. "ನಾ ಸುಳ್ಳ ಅಂದಿದ್ದೆ. ಖರೇನ ಬರದಾನ ಆ ಪಾದ್ರಿ."

ಅದಕ್ಕೇ ಅವನು ಈ ಕಲ್ಲಿಗೆ ಬಂದದ್ದು. ಓದಲು ಬಾರದ ಮನುಷ್ಯ, ಪುಸ್ತಕದ ಮಾತನ್ನು ಬೆನ್ನು ಹಚ್ಚಿ ತಾಳೆ ನೋಡಿದ್ದ.

ಮುತ್ತಣ್ಣ ಬಗಲ ಚೀಲದಿಂದ ಉಣ್ಣೆ ಕತ್ತರಿ ತೆಗೆದ. ಮಹಾನವಮಿಗೆ ಪೂಜೆಗೊಳ್ಳುವ ಅದೇ ಕತ್ತರಿ. ಎರಡು ತಿಂಗಳು ಹೊಸೆದ ಹಗ್ಗವನ್ನು ಹೆಬ್ಬೆರಳ ಹತ್ತಿರ ಹಿಡಿದು ಕತ್ತರಿಸಿದ. ಪಂಖಾದ ಭಾರಕ್ಕೆ ಹಗ್ಗ ಸರ್ರನೆ ಕಿಂಡಿಯೊಳಗೆ ಹೋಯಿತು. ಒಳಗಿನಿಂದ ಒಮ್ಮೆಲೇ ಗದ್ದಲ ಕೇಳಿತು. ಕಪ್ಪು ಹಗ್ಗ ಗೋಡೆಯಿಂದ ಇಳಿದು ಮುಂದಿನ ಸಾಲಿನ ಮಡಿಲಲ್ಲಿ ಹಾವಿನಂತೆ ಬಿದ್ದಿತ್ತು. ಸಾಹುಕಾರರು ಕುರ್ಚಿ ಕೆಡವಿ ಎದ್ದಿದ್ದರು.

ಭಾಗ್ಯಾ ಒಳಗೆ ಹೋಗಿ ಮೈಕು ಹಿಡಿದಳು. ಕಾರ್ಡಿನಲ್ಲಿ ಅವಳ ಹೆಸರು ಇತ್ತು, ಯಾರೂ ತಡೆಯಲಿಲ್ಲ. ಕಲ್ಲಿನ ಮಾತು ಓದಲಿಲ್ಲ. ಚೀಲದಿಂದ ದಫ್ತರ ತೆಗೆದು ಮೇ ಹನ್ನೆರಡನ್ನು ಓದಿದಳು. 'ಎರಡನೆಯ ಸಲ ಯಾರೂ ಹೋಗಲಿಲ್ಲ' ಎಂಬಲ್ಲಿಗೆ ಬಂದಾಗ ಸೋಮಲಿಂಗ ಮೈಕಿನ ವೈರು ಕಿತ್ತ. ಅವಳು ತರಗತಿಯ ದನಿಯಲ್ಲಿ ಓದಿದಳು. ಆಗ ನಾರಾಯಣರಾಯರು ಚಪ್ಪಾಳೆ ಶುರು ಮಾಡಿದರು. ಇನ್ನೂರು ಜನ ಕೂಡಿಕೊಂಡರು. ಜೋರು ಚಪ್ಪಾಳೆ, ನಗುಮುಖದ ಚಪ್ಪಾಳೆ. ಸತ್ತವನ ಮಾತು ಅದರಡಿ ಮುಳುಗಿತು. ಊಟಕ್ಕೆ ಹೋಳಿಗೆ ಇತ್ತು. ಜನ ಪಂಕ್ತಿ ಹಿಡಿದು ಕೂತರು.

ಮರುದಿನದ ಪತ್ರಿಕೆಯಲ್ಲಿ ಎರಡು ಕಾಲಮ್ಮಿನ ಸುದ್ದಿ. ಮುತ್ತಣ್ಣನ ಕೆಂಪು ಪಟಕದ ಫೋಟೋ. ಕೊನೆಯ ಸಾಲು: 'ತಾಂತ್ರಿಕ ಕಾರಣದಿಂದ ಪಂಖಾ ಕೆಲಹೊತ್ತು ನಿಂತರೂ ಸಮಾರಂಭ ಸರಾಗವಾಗಿ ನಡೆಯಿತು.'

*

ಜೂನ್ ಮೊದಲ ರವಿವಾರ ಎಂಟು ಗಂಟೆಗೇ ಪ್ರಾರ್ಥನೆ ಮುಗಿಸಿ, ಐದು ಮನೆಯವರು ಹೊರಟುಹೋದ ಮೇಲೆ, ಸಮುವೇಲಪ್ಪ ಮೆಟ್ಟಿಲ ಮೇಲೆ ಕೂತು ದಫ್ತರ ತೆರೆದ. ಭಾಗ್ಯಾ ಮುತ್ತಣ್ಣನನ್ನು ಕರೆದುಕೊಂಡು ಬಂದಿದ್ದಳು. ಒಳಗೆ ಸೋಮಲಿಂಗ ಅರಿಷಿಣದ ಹಂದರ ಕಟ್ಟಿಸುತ್ತಿದ್ದ.

"ಹಳೇ ಹಾಳಿ ಮಗ್ಗಲಕ ಅಂವನ ಹೆಸರ ಬರೀಲಾ?" ಎಂದಳು ಭಾಗ್ಯಾ.

"ಹಳೇದಕ್ಕ ಕೈ ಹಚ್ಚಬ್ಯಾಡವಾ. ಅವರ ಹೊಲಸು ಅವರ ಅಕ್ಷರದಾಗ ಇರಲಿ. ನಾಳೆ ಯಾರಾರ ನೀನ ತಿದ್ದೀದಿ ಅಂತಾರ." ಅವನು ಪೆನ್ನಿನ ಟೊಪ್ಪಿಗೆ ತೆಗೆದ. "ಹೋದ ತಿಂಗಳದ್ದು ನಾ ಬರೀತೀನಿ." ಬರೆಯುತ್ತ ಗಟ್ಟಿಯಾಗಿ ಹೇಳಿದ: "ಮೇ ಎರಡನೇ ರವಿವಾರ. ಇನ್ನೂರು ಜನ. ಪಂಖಾ ಎರಡು ಸಲ ನಿಂತಿತು. ಎಳೆಯುವವ ಹಗ್ಗ ಕತ್ತರಿಸಿದ. ಅವನ ಹೆಸರು ಮುತ್ತಣ್ಣ. ಇದೇ ಕಲ್ಲಿನ ಮೇಲೆ ಮೊದಲು ಸತ್ತವನ ಹೆಸರು..." ತಲೆ ಎತ್ತಿದ. "ಪೂರಾ ಹೆಸರ ಹೇಳ್ರಿ. ಪಾಂಡಪ್ಪ, ಏನು? ಪಾಂಡಪ್ಪ ಪಂಖಾದ ಅಂತ ಬರೀಲ್ಯಾ?"

"ಪಂಖಾದ ಬ್ಯಾಡ," ಎಂದ ಮುತ್ತಣ್ಣ.

"ಮತ್ತ ಅದಕ್ಕಿಂತ ಮೊದಲ ನಿಮ್ಮ ಮನಿ ಹೆಸರ ಏನಿತ್ತು?"

ಮುತ್ತಣ್ಣ ಭಾಗ್ಯಾಳನ್ನು ನೋಡಿದ. ಭಾಗ್ಯಾಳಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೋಡೆಯ ಆಚೆ ಕಡೆಯಿಂದ ಫೋಟೋದವನ ದನಿ ಬಂತು, "ಮೇಡಂ, ಜರಾ ಹಿಂದ ಆತಗೋರಿ, ಹಾಂ, ನಗ್ರಿ."

"ಬರೇ ಪಾಂಡಪ್ಪ ಅಂತ ಬರಿ," ಎಂದ ಮುತ್ತಣ್ಣ. ಎದೆಯ ಜೇಬಿನಿಂದ ಬಿಲ್ಲೆ ತೆಗೆದು ದಫ್ತರದ ಹಾಳೆಯ ಮೇಲೆ ಇಟ್ಟ. "ಇದನ್ನೂ ನಿನ್ನ ಟ್ರಂಕಿನಾಗ ಒಗಿ, ಆ ಹಿತ್ತಾಳಿ ಬಟ್ಟಲದ ಮಗ್ಗಲಕ. ನಮ್ಮ ಬೀರಪ್ಪನ ಕಂಬಳಿ ಮ್ಯಾಲೆ ಇದಕ್ಕ ಜಾಗಾ ಇಲ್ಲ."

ಆಮೇಲೆ ಕೋಲು ಊರಿಕೊಂಡು ಗೋಡೆಯ ಆ ಬದಿಗೆ ನಡೆದ. ಭಾಗ್ಯಾಳಿಗೆ ಮಾತುಗಳಷ್ಟೇ ಕೇಳಿಸಿದವು.

"ಯಜಮಾನ್ರ, ಜರಾ ಸರೀರಿ, ಫೋಟೋದಾಗ ಬರಾಕತ್ತೀರಿ."

"ಸರಿಯಂಗಿಲ್ಲ."

"ಎಷ್ಟೊತ್ತು ಕುಂಡರತೀರಿ ಹಂಗಾರ?"

"ನೀ ಮೊದಲ ಕುಡ್ಯಾಕ ನೀರ ಕೊಡು," ಎಂದಿತು ಮುತ್ತಣ್ಣನ ದನಿ. "ಆಮ್ಯಾಲೆ ಈ ಕಲ್ಲ ಯಾರದಂತ ಹೇಳತೇನಿ."